ಹಿಂದಿನ ಗಾಲಿಯ ಅಗಲ

ಅಮೆರಿಕದ ಮಿಷಿಗನ್ ಸಂಸ್ಥಾನದ ಗೃಹಸ್ಥನೊಬ್ಬನಿಗೆ ತಂದೆಯಿಂದ ಬಂದ ಸೊತ್ತು 1964ರ ಪಾಂಟಿಯಾಕ್ ಜಿ.ಟಿ.ಓ. ಮೋಟಾರು. ಸಂಸಾರವಂದಿಗರ ಸಾಧಾರಣ ಗಾಡಿಯ ಒಡಲಿನಲ್ಲಿ 389 ಘನ ಅಂಗುಲದ, 325 ಕುದುರೆಬಲದ ಎಂಜಿನ್ನನ್ನು ಕೂರಿಸಿದ ವಾಹನವಿದು. ಆ ದೇಶದವರು 'ಮಸಲ್ ಕಾರ್' ಎನ್ನುವ ಕುಲಕ್ಕೆ ಇದೇ ಮೂಲಪುರುಷನೆಂದು ಹಲವರ ಮತ. ಇಷ್ಟು ಬಲವನ್ನು ನೆಲಕ್ಕೆ ಮುಟ್ಟಿಸಬೇಕಾದುವು ಹಿಂದಿನ ಎರಡು ಗಾಲಿಗಳು ಮಾತ್ರ. ಕಾರ್ಖಾನೆಯವರು ಕೊಟ್ಟ ಟೈರಾದರೋ ಏಳೂವರೆ ಅಂಗುಲದ್ದು, ರಿಮ್ಮು ಆರು ಅಂಗುಲದ್ದು. ಭೀಮಸೇನನಿಗೆ ಬಾಲಕನ ಪಾದುಕೆ! ಒಮ್ಮೆಲೇ ವೇಗ ಕೊಟ್ಟರೆ ಟೈರು ಇದ್ದಲ್ಲಿಯೇ ತಿರುಗಿ ಹೊಗೆಯೇಳುವುದು.

ಅಗಲವಾದ ಟೈರಿನ ಬಯಕೆ ಹುಟ್ಟಿದುದು ಸಹಜವೇ. ಆದರೆ ಆತನು ಅಳತೆಗೋಲನ್ನು ಬಿಟ್ಟು ಕಣ್ಣನ್ನು ನಂಬಿದನು. ತಂದುದು 275/60ಆರ್15. ಇದರಲ್ಲಿ ಮೊದಲನೆಯ ಅಂಕ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕದ ಎತ್ತರ, ಅಗಲದ ನೂರಕ್ಕೆ ಅರುವತ್ತು ಪಾಲು. ಕಡೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಆದುದರಿಂದ ಅಗಲ ಹೆಚ್ಚಿದಂತೆ ಎತ್ತರವೂ ತಾನಾಗಿ ಬೆಳೆಯುವುದು. ಈ ಟೈರಿನ ವ್ಯಾಸ 711 ಮಿಲಿಮೀಟರು, ಎಂದರೆ ಇಪ್ಪತ್ತೆಂಟು ಅಂಗುಲ. ಗಾಲಿ ಎತ್ತರವಾದರೆ ಎಳೆತ ಕುಗ್ಗುವುದು. ವೇಗಮಾಪಕವೂ ನಿಜಕ್ಕಿಂತ ಕಡಮೆ ತೋರಿಸುವುದು. ಹಿಡಿತವನ್ನು ಬಯಸಿದವನು ಜಿಗಿತವನ್ನು ತೆತ್ತಂತಾಯಿತು.

ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟ ದಿನ, ರಸ್ತೆಯ ತಗ್ಗೊಂದರಲ್ಲಿ ಗಾಡಿಯ ಹಿಂಭಾಗ ಕುಸಿದು, ಮಡ್‌ಗಾರ್ಡಿನ ಒಳಮಡಿಕೆ ಟೈರನ್ನು ಕೆರೆಯಿತು. ರಬ್ಬರಿನ ಕಮಟು ಒಳಗೆಲ್ಲ ತುಂಬಿತು. ಅಂಚನ್ನು ಕತ್ತರಿಸಿಬಿಡೆಂದು ನೆರೆಯವರ ಸಲಹೆ. ಸಲಹೆಗೆ ಬೆಲೆಯಿಲ್ಲ, ತಗಡಿಗೆ ಉಂಟು. ಬೆರಳಿಗೆ ಬಟ್ಟೆ ಸುತ್ತಿಕೊಂಡು ತಂದೆ ಭಾನುವಾರಗಳಲ್ಲಿ ಒರಸುತ್ತಿದ್ದುದು ಇದೇ ಅಂಚನ್ನು. ಕತ್ತರಿ ಕೈಗೆ ಬಂದಿತ್ತು, ಕೈ ಏಳಲಿಲ್ಲ.

ಆಗ ಆತನು ಮೊದಲೇ ಮಾಡಬೇಕಾಗಿದ್ದುದನ್ನು ಮಾಡಿದನು. ಗಾಡಿಯ ಭಾರವೆಲ್ಲ ಅಚ್ಚಿನ ಮೇಲೆಯೇ ನಿಲ್ಲುವಂತೆ ಆಧಾರ ಕೊಟ್ಟು—ಅಚ್ಚು ಜೋತುಬಿದ್ದರೆ ಅಳತೆ ಸುಳ್ಳಾಗುವುದು—ಗಾಲಿಗಳನ್ನು ಕಳಚಿದನು. ಗಾಲಿ ಕೂರುವ ಮುಖದಿಂದ ಒಳಗೋಡೆಗೆ ಎಷ್ಟು, ಹೊರಗಿನ ಅಂಚಿಗೆ ಎಷ್ಟು ಎಂದು ಅಳೆದನು. ಎಡಕ್ಕೂ ಬಲಕ್ಕೂ ಕಾಲಂಗುಲ ಅಂತರ! ಹಳೆಯ ಗಾಡಿಗಳಲ್ಲಿ ಒಡಲು ಅಚ್ಚಿನ ನಟ್ಟನಡುವೆ ಕುಳಿತಿರುವುದೇ ಅಪರೂಪ. ಇಕ್ಕಟ್ಟಾದ ಪಕ್ಕವನ್ನೇ ಪ್ರಮಾಣವೆಂದಿಟ್ಟುಕೊಂಡು, ಓಲಾಟಕ್ಕೆ ಎಡೆ ಬಿಟ್ಟು ಲೆಕ್ಕಹಾಕಲು, ನಿಂತುದು 245/60ಆರ್15, ಏಳಂಗುಲದ ರಿಮ್ಮು. ವ್ಯಾಸ 675 ಮಿಲಿಮೀಟರು. ರಿಮ್ಮಿನ ಒಳ ಅಂಚು ಕೂರುವ ಮುಖದಿಂದ ಎಷ್ಟು ಹಿಂದಿರಬೇಕೆಂಬುದನ್ನೂ ಅಂಗಡಿಯವನಿಗೆ ಬರೆದುಕೊಟ್ಟನು. ಅಗಲವಿಷ್ಟೆಂದು ಹೇಳಿ ಇದನ್ನು ಮರೆತವರ ಗಾಲಿ ಒಳಗೋ ಹೊರಗೋ ತಗುಲದೆ ಬಿಡದು.

ಮಡಿಕೆಯ ಅಂಚು ಉಳಿಯಿತು. ಆ ದೊಡ್ಡ ಟೈರುಗಳು ಮಾರಾಟವಾಗದೆ ಕೊಟ್ಟಿಗೆಯ ಗೋಡೆಗೆ ಒರಗಿವೆ. ಹಿರಿಯ ಮಗ ಅವುಗಳ ಮೇಲೆ ಕುಳಿತು ತಂದೆಗೆ ಸ್ಪಾನರು ಎಟುಕಿಸುತ್ತಾನೆ.