ಟೆನೆಸಿ ತೀರದ ಹಾಡು

ಅಮೆರಿಕದ ದಕ್ಷಿಣ ಸೀಮೆಯ ಅಲಬಾಮ ರಾಜ್ಯದ ವಾಯವ್ಯ ಮೂಲೆಯಲ್ಲಿ, ಟೆನೆಸಿ ನದಿಯ ಎರಡು ದಡಗಳಲ್ಲಿ ನಾಲ್ಕು ಪುಟ್ಟ ಪಟ್ಟಣಗಳಿವೆ. ಉತ್ತರ ದಡದಲ್ಲಿ ಫ್ಲಾರೆನ್ಸ್. ದಕ್ಷಿಣದಲ್ಲಿ ಶೆಫೀಲ್ಡ್, ಟಸ್ಕಂಬಿಯ, ಮಸಲ್ ಶೋಲ್ಸ್. ಒಂದೂರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುವುದೆಂದು ಹೊಸಬನಿಗೆ ತಿಳಿಯದು. ಬಹುಕಾಲ ಹತ್ತಿಯೇ ಇಲ್ಲಿಯ ಜೀವಾಳವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆರಂಭವಾಗಿ 1924ರಲ್ಲಿ ಪೂರ್ಣಗೊಂಡ ವಿಲ್ಸನ್ ಅಣೆಕಟ್ಟು ನದಿಯ ಮೊರೆತವನ್ನು ಅಡಗಿಸಿ ವಿದ್ಯುಚ್ಛಕ್ತಿಯನ್ನು ತಂದುಕೊಟ್ಟಿತು.

ಕಣ್ಣೂ ಕಿವಿಯೂ ಇಲ್ಲದೆ ವಿದ್ಯಾವತಿಯಾಗಿ ಲೋಕವನ್ನು ಬೆರಗುಗೊಳಿಸಿದ ಹೆಲೆನ್ ಕೆಲ್ಲರ್ 1880ರಲ್ಲಿ ಹುಟ್ಟಿದ್ದು ಟಸ್ಕಂಬಿಯದಲ್ಲಿ. 'ಬ್ಲೂಸ್' ಸಂಗೀತದ ಪಿತಾಮಹನೆನಿಸಿದ ಡಬ್ಲ್ಯು. ಸಿ. ಹ್ಯಾಂಡಿಯ ಜನ್ಮಸ್ಥಳ ಫ್ಲಾರೆನ್ಸ್. ಆದರೆ ಸಂಗೀತಪ್ರಿಯರು ಇಂದು ಇಲ್ಲಿಗೆ ಬರುವುದು ಮುಖ್ಯವಾಗಿ 1960ರ ದಶಕದಲ್ಲಿ ಇಲ್ಲಿ ಧ್ವನಿಮುದ್ರಣಗೊಂಡ ಹಾಡುಗಳ ಜಾಡು ಹಿಡಿದು. ಅವುಗಳಲ್ಲಿ ಒಂದರ ಚರಿತ್ರೆಯಂತೂ ಕಾದಂಬರಿಯನ್ನೂ ನಾಚಿಸುವಂತಿದೆ.

ನೀಗ್ರೋ ಜನರ ದೇವಾಲಯಗಳಲ್ಲಿ ಭಕ್ತಿಯಿಂದ ಎದೆಬಿರಿಯೆ ಹಾಡುವ ಪರಿಯೊಂದಿತ್ತು. ಅದನ್ನೇ ಲೌಕಿಕ ಪ್ರೇಮಕ್ಕೆ ಅಳವಡಿಸಿದಾಗ ಹುಟ್ಟಿದ್ದು 'ಸೋಲ್' ಸಂಗೀತ. ಸೋಲ್ ಎಂದರೆ ಆತ್ಮ. ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಪರಿಚಾರಕನಾಗಿದ್ದ ಪರ್ಸಿ ಸ್ಲೆಜ್ ಎಂಬ ಕರಿಯ ತರುಣ ಅಂತಹ ಕಂಠದವನು. ಸಮೀಪದ ಲೇಟನ್ ಎಂಬ ಊರಿನವನು. ಎಳವೆಯಲ್ಲಿ ಹತ್ತಿಯ ಹೊಲದಲ್ಲಿ ದುಡಿದವನು. ವಾರವೆಲ್ಲ ಆಸ್ಪತ್ರೆಯ ಕೆಲಸ. ವಾರದ ಕೊನೆಗೆ 'ಎಸ್ಕ್ವೈರ್ಸ್' ಎಂಬ ಮೇಳದೊಡನೆ ಗಾಯನ.

ಅದೇ ಊರಿನಲ್ಲಿ ಕ್ವಿನ್ ಐವಿ ಎಂಬ ಬಿಳಿಯನಿದ್ದ. ರೇಡಿಯೋದಲ್ಲಿ ಹಾಡು ಹಾಕುವುದು, ಗ್ರಾಮಫೋನ್ ತಟ್ಟೆಗಳ ಅಂಗಡಿ ನಡೆಸುವುದು ಅವನ ವೃತ್ತಿ. ಅವನು ತೆರೆದ 'ನೊರಾಲ' ಎಂಬ ಸಣ್ಣ ಸ್ಟುಡಿಯೋದಲ್ಲಿ, 1966ರ ಆರಂಭದಲ್ಲಿ, ಸ್ಲೆಜ್ ತನ್ನ ಹಾಡನ್ನು ಮುದ್ರಿಸಿದ. ಆರ್ಗನ್ ನುಡಿಸಿದವನು ಸ್ಪೂನರ್ ಓಲ್ಡ್‌ಹ್ಯಾಮ್, ಡ್ರಮ್ ಬಾರಿಸಿದವನು ರೋಜರ್ ಹಾಕಿನ್ಸ್, ಇಬ್ಬರೂ ಬಿಳಿಯರು. ಮತದಾನದ ಹಕ್ಕಿಗಾಗಿ ಇದೇ ರಾಜ್ಯದ ಸೆಲ್ಮಾ ಪಟ್ಟಣದಲ್ಲಿ ಕರಿಯರು ಪೋಲೀಸರ ಲಾಠಿಗೆ ತಲೆಯೊಡ್ಡಿ ಆಗ ಒಂದು ವರ್ಷವಷ್ಟೇ ಕಳೆದಿತ್ತು. ಹೊರಗೆ ಕೂಡದ ಜನ ಒಳಗೆ ಒಂದೇ ಶ್ರುತಿಗೆ ಕೂಡಿದ್ದರು!

ಹಾಡಿನ ಹೆಸರು 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್'. ಹೆಣ್ಣನ್ನು ಪ್ರೀತಿಸಿದ ಗಂಡು ಏನೆಲ್ಲವನ್ನು ಕಳೆದುಕೊಳ್ಳಲೂ ಸಿದ್ಧನಾಗುತ್ತಾನೆಂಬುದು ಅದರ ವಸ್ತು. ಅಟ್ಲಾಂಟಿಕ್ ಕಂಪನಿ ಅದನ್ನು ಹೊರತಂದಿತು. ಮೇ ತಿಂಗಳ ಕೊನೆಗೆ ಹಾಡು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. ಹಿನ್ನೆಲೆಯ ತುತ್ತೂರಿಗಳ ಶ್ರುತಿ ಕೊಂಚ ತಪ್ಪಿದೆಯೆಂಬುದು ಸೂಕ್ಷ್ಮವಾಗಿ ಕೇಳಿದವರಿಗೆ ತಿಳಿಯುತ್ತದೆ. ಆ ಕಂಠದ ಮುಂದೆ ಅದನ್ನು ಎಣಿಸಿದವರಾರು?

ಈಗ ಕತೆಯ ಮರ್ಮಕ್ಕೆ ಬರೋಣ. ಈ ರಾಗವನ್ನು ಹತ್ತಿಯ ಹೊಲದ ದಿನಗಳಿಂದಲೂ ತಾನು ಗುನುಗುತ್ತಿದ್ದೆನೆಂದು ಸ್ಲೆಜ್ ಹೇಳಿಕೊಂಡಿದ್ದಾನೆ. ಆದರೆ ತಟ್ಟೆಯ ಮೇಲೆ ರಚನಕಾರರೆಂದು ಅಚ್ಚಾದ ಹೆಸರುಗಳು ಅವನ ಮೇಳದ ಕ್ಯಾಲ್ವಿನ್ ಲೂಯಿಸ್ ಮತ್ತು ಆಂಡ್ರೂ ರೈಟ್ ಅವರವು. ಹಾಡನ್ನು ರೂಪಿಸಲು ನೆರವಾದ ಗೆಳೆಯರಿಗೆ ಅವನು ಪೂರ್ಣ ಹಕ್ಕನ್ನು ಬಿಟ್ಟುಕೊಟ್ಟ. ನಮ್ಮ ಕೀರ್ತನೆಗಳಲ್ಲಾದರೆ ಅಂಕಿತ ಹಾಡಿನ ಒಡಲಿನಲ್ಲೇ ಇರುತ್ತದೆ. ಅಲ್ಲಿ ಅಂಕಿತವಿರುವುದು ಕಾಗದದಲ್ಲಿ.

ಆ ಕಾಗದದ ಬೆಲೆ ಸಣ್ಣದಲ್ಲ. ಒಮ್ಮೆ ಪ್ರಕಟವಾದ ಹಾಡನ್ನು ಅಲ್ಲಿ ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಬಹುದು. ಕಾನೂನು ಗೊತ್ತುಪಡಿಸಿದ ಗೌರವಧನ ಕೊಟ್ಟರಾಯಿತು. 1966ರಲ್ಲಿ ಅದು ಪ್ರತಿಯೊಂದಕ್ಕೆ 2 ಸೆಂಟ್. ಸಲ್ಲುವುದು ರಚನಕಾರರಿಗೆ ಮತ್ತು ಪ್ರಕಾಶಕರಿಗೆ, ಮೊದಲು ಹಾಡಿದವನಿಗಲ್ಲ. ಆಕಾಶವಾಹಿತ ರೇಡಿಯೋ ಕೇಂದ್ರಗಳು ಹಾಡನ್ನು ಎಷ್ಟು ಸಲ ಪ್ರಸಾರ ಮಾಡಿದರೂ ಅಮೆರಿಕದಲ್ಲಿ ಹಣ ಸಲ್ಲುವುದು ರಚನೆಯ ಹಕ್ಕುದಾರರಿಗೇ, ಕಂಠಕ್ಕೆ ಕಾಸಿಲ್ಲ.

ಇಪ್ಪತ್ತೈದು ವರ್ಷ ಕಳೆಯಿತು. 1991ರಲ್ಲಿ ಕನೆಕ್ಟಿಕಟ್ ರಾಜ್ಯದ ಮೈಕಲ್ ಬೋಲ್ಟನ್ ಎಂಬ ಬಿಳಿಯ ಗಾಯಕ ಇದೇ ಹಾಡನ್ನು ತನ್ನ ಧಾಟಿಯಲ್ಲಿ ಹಾಡಿದ. ನವೆಂಬರಿನಲ್ಲಿ ಅದೂ ಪ್ರಥಮ ಸ್ಥಾನಕ್ಕೇರಿತು. ಮರುವರ್ಷ ಅವನಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಬೋಲ್ಟನ್ನನದು ಏರುದನಿಯ, ಒಪ್ಪ ಓರಣದ ವೈಭವದ ಗಾಯನ. ಸ್ಲೆಜ್‌ನದು ಬಿಕ್ಕಿಗೂ ಹಾಡಿಗೂ ನಡುವೆ ತೂಗಾಡುವ ದನಿ. ಎರಡಕ್ಕೂ ಅಭಿಮಾನಿಗಳುಂಟು. ಹೊಸ ತಲೆಮಾರಿನ ಎಷ್ಟೋ ಮಂದಿ ಹಾಡು ಬೋಲ್ಟನ್ನನದೇ ಎಂದು ತಿಳಿದರು. ಕೆಲವರು ಮೂಲವನ್ನು ಹುಡುಕಿ ಹೊರಟರು. ಹಕ್ಕನ್ನು ಬಿಟ್ಟುಕೊಟ್ಟಿದ್ದು ತನ್ನ ತಪ್ಪು ನಿರ್ಧಾರವೆಂದು ಸ್ಲೆಜ್ ಒಪ್ಪಿಕೊಂಡನಾದರೂ ಕಹಿಯಾಗಿ ನುಡಿಯಲಿಲ್ಲ. ದೈವೇಚ್ಛೆಯೆಂದು ನೆಮ್ಮದಿ ತಂದುಕೊಂಡ. ಊರೂರು ತಿರುಗಿ ಹಾಡುತ್ತ ಅವನು ಜೀವನ ಸಾಗಿಸಿದ. 2005ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರ ಅವನನ್ನು ಸೇರಿಸಿಕೊಂಡಿತು; 2015ರ ಏಪ್ರಿಲ್ 14ರಂದು ಅವನು ತೀರಿಕೊಂಡ.

ಇಂದು ಈ ಸೀಮೆಗೆ ಬಂದವರಿಗೆ ನೋಡಲು ಬೇಕಾದಷ್ಟಿದೆ: ಟಸ್ಕಂಬಿಯದಲ್ಲಿ ಅಲಬಾಮದ ಸಂಗೀತಗಾರರ ಸ್ಮಾರಕ ಸಂಗ್ರಹಾಲಯ, ಮಸಲ್ ಶೋಲ್ಸಿನಲ್ಲಿ ರಿಕ್ ಹಾಲ್ ಕಟ್ಟಿದ 'ಫೇಮ್' ಸ್ಟುಡಿಯೋ, ಶೆಫೀಲ್ಡಿನ ಜಾಕ್ಸನ್ ಹೆದ್ದಾರಿಯಲ್ಲಿ 3614ನೆಯ ನಂಬರಿನ ಪುಟ್ಟ ಕಟ್ಟಡ. ಆ ಕಟ್ಟಡದಲ್ಲಿ 1969ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಮೇಳದವರೂ ಬಂದು ಹಾಡಿದರು. ಯಾವುದೂ ಭವ್ಯಭವನವಲ್ಲ, ಹೊರಗಿನಿಂದ ನೋಡಿದರೆ ಗೋದಾಮೆಂದೇ ಅನ್ನಿಸೀತು.

ಕಡತದಲ್ಲಿ ಹಾಡು ಲೂಯಿಸ್ ಮತ್ತು ರೈಟ್ ಅವರದು; ಎರಡನೆಯ ಬಾರಿಯ ಜಯಭೇರಿ ಬೋಲ್ಟನ್ನನದು. ಆದರೆ ಹತ್ತಿಯ ಹೊಲಗಳ ನಡುವಿನ ಈ ಪಟ್ಟಣಗಳಲ್ಲಿ ಹಾಡಿನ ಮಾತೆತ್ತಿ ನೋಡಿ: ಮೊದಲು ಬರುವ ಹೆಸರು ಆಸ್ಪತ್ರೆಯ ಆ ಪರಿಚಾರಕನದು.