ಪಕ್ಕದ ಮನೆಯ ಹೆಪ್ಪು

ಇನ್ನೊಬ್ಬರು ಮಾಡಿದ್ದರಲ್ಲಿ ಹುಳುಕು ಹುಡುಕುವುದು ನಮ್ಮಲ್ಲಿ ಎಲ್ಲರೂ ಪುಕ್ಕಟೆಯಾಗಿ ಮಾಡುವ ಕೆಲಸ. ಮದುವೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ "ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಯ್ತು" ಎನ್ನುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಮಾತ್ರ ಸಾವಿರಾರು ಜನ ಇದನ್ನೇ ಮಾಡಿಕೊಂಡು ಮನೆಸಾಲದ ಕಂತು ಕಟ್ಟುತ್ತಿದ್ದಾರೆ. ನಾನೂ ಅವರಲ್ಲೊಬ್ಬ. ಸಾಫ್ಟ್‌ವೇರ್ ಟೆಸ್ಟರ್ ಎಂದರೇನು ಎಂದು ಸೋದರತ್ತೆಗೆ ಬಿಡಿಸಿ ಹೇಳಿದಾಗ ಅವರು ಕೇಳಿದ್ದು ಇಷ್ಟೆ: "ಹಾಗಾದ್ರೆ ನಿಮ್ಮ ಮಾವನಿಗೂ ಅಲ್ಲೊಂದು ಕೆಲಸ ನೋಡೋ. ಮದುವೆಯಾದಾಗಿನಿಂದ ಅವರಿಗೆ ಅದೇ ಅಭ್ಯಾಸ."

ಈ ಕಸುಬಿನಲ್ಲಿ ಮೇಲೆ ಬರುವುದು ಹೇಗೆ ಎಂದು ಹುಡುಗರು ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿದೆ: ಆಟೊಮೇಷನ್ ಕಲಿ, ಸೆಲೆನಿಯಂ ಕಲಿ, ಒಂದು ಸರ್ಟಿಫಿಕೇಟ್ ಮಾಡ್ಕೋ. ಕಲಿಯಲಿ, ಬೇಡವೆನ್ನುವವನು ನಾನಲ್ಲ. ಆದರೆ ಯಂತ್ರ ಬೇಗ ಓಡಬಲ್ಲದೇ ಹೊರತು ಯಾವುದರ ಮೇಲೆ ಅನುಮಾನ ಪಡಬೇಕೆಂದು ಅದಕ್ಕೆ ತಿಳಿಯದು. ಅನುಮಾನ ಪಡುವ ವಿದ್ಯೆಯಲ್ಲಿ ನಮಗಿಂತ ಪಳಗಿದವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬರೂ ಸಾಫ್ಟ್‌ವೇರಿನವರಲ್ಲ.

ಹುಲಿ ಎಣಿಸುವವರನ್ನೇ ನೋಡಿ. ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ: ಕಂಡದ್ದನ್ನು ಎಣಿಸಬಹುದು, ಕಾಣದೆ ಉಳಿದದ್ದನ್ನು ಎಣಿಸುವುದು ಹೇಗೆ? ನಮ್ಮ ದೇಶದಲ್ಲಿ ದಶಕಗಳ ಕಾಲ ಹುಲಿಗಣತಿ ನಡೆದದ್ದು ಹೆಜ್ಜೆಗುರುತು ನೋಡಿ. ಗಾಜಿನ ಮೇಲೆ ಗುರುತಿನ ಅಚ್ಚು ಬರೆದುಕೊಂಡು, ಇದು ಇಂಥದೇ ಹುಲಿ ಎಂದು ತೀರ್ಮಾನಿಸಿ, ಕೂಡಿಸಿ ಒಂದು ಅಂಕಿ ಹೇಳುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಕಾಗದದ ಮೇಲೆ ಸುಖವಾಗಿದ್ದವು. ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರ ಹೊತ್ತಿಗೆ ಗೊತ್ತಾಯಿತು. ನೂರಕ್ಕೆ ನೂರು ಪಾಸ್ ಎಂದು ಹಸಿರಾಗಿ ಹೊಳೆಯುವ ಟೆಸ್ಟ್ ರಿಪೋರ್ಟ್ ಕಂಡಾಗೆಲ್ಲ ನನಗೆ ಸರಿಸ್ಕಾ ನೆನಪಾಗುತ್ತದೆ.

ಅದಕ್ಕೂ ಎಷ್ಟೋ ಮೊದಲೇ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಬೇರೆ ದಾರಿ ಹಿಡಿದಿದ್ದರು. ಶಿವರಾಮ ಕಾರಂತರ ಮಗ. ಎಂಜಿನಿಯರಿಂಗ್ ಓದಿ ಆಮೇಲೆ ಕಾಡಿಗೆ ಹೊರಳಿದವರು. ಎರಡು ಹುಲಿಗಳ ಪಟ್ಟೆ ಒಂದೇ ಥರ ಇರುವುದಿಲ್ಲ. ಹಾದಿಯ ಪಕ್ಕ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಕಟ್ಟಿ, ಮೊದಲು ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂದು ನೋಡಿ, ಸಿಗದೇ ಉಳಿದವು ಎಷ್ಟಿರಬಹುದೆಂದು ಅವರು ಅಂದಾಜು ಮಾಡಿದರು. ಈ ಲೆಕ್ಕವೂ ಕಡ ತಂದದ್ದೇ. 19ನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟು ಮತ್ತೆ ಹಿಡಿದು ನೋಡಿದ್ದ. ಕಾರಂತರು ಹುಲಿಯ ಹಿಂದೆ ಇದ್ದ ಅದೇ ದಶಕದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಮೀನಿನ ಲೆಕ್ಕವನ್ನು ಸಾಫ್ಟ್‌ವೇರ್ ದೋಷಗಳಿಗೆ ಹಚ್ಚಿ ನೋಡಿದರು.

ಲೆಕ್ಕ ಸರಳ. ಇಬ್ಬರು ಟೆಸ್ಟರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಆ್ಯಪನ್ನು ತಡಕಲಿ. ಒಬ್ಬಳಿಗೆ 20 ಬಗ್ ಸಿಕ್ಕವು, ಇನ್ನೊಬ್ಬನಿಗೆ 15. ಎರಡೂ ಪಟ್ಟಿಯಲ್ಲಿರುವುದು 10. ಅವನ 15ರಲ್ಲಿ ಮೂರರಲ್ಲೆರಡು ಪಾಲು ಅವಳ ಕಣ್ಣಿಗೂ ಬಿದ್ದಿವೆ. ಹಾಗಾದರೆ ಅವಳ 20 ಒಟ್ಟು ಬಗ್‌ಗಳ ಮೂರರಲ್ಲೆರಡು ಪಾಲು ಇರಬೇಕು, ಒಟ್ಟು 30. ಇಬ್ಬರೂ ಸೇರಿ ಕಂಡದ್ದು 25. ಉಳಿದ ಐದು ಎಲ್ಲೋ ಅಡಗಿ ಕೂತಿವೆ. ಇದನ್ನು ಮೀಟಿಂಗಿನಲ್ಲಿ ಹೇಳಿದಿರೋ, "ಗುಡ್, ಆ ಐದು ಯಾವುದು ಅಂತ ಸಂಜೆಯೊಳಗೆ ಜಿರಾದ ಬಗ್ ಪಟ್ಟಿಯಲ್ಲಿ ಹಾಕಿಬಿಡಿ" ಎಂಬ ಅಪ್ಪಣೆ ಬರುತ್ತದೆ.

ಇಲ್ಲೊಂದು ತೊಡಕಿದೆ. ಎಲ್ಲ ಹುಲಿಗಳೂ ಕ್ಯಾಮೆರಾಕ್ಕೆ ಸಮನಾಗಿ ಸಿಗುತ್ತವೆ ಎಂದುಕೊಂಡರೆ ಲೆಕ್ಕ ಸಲೀಸು. ಬಗ್‌ಗಳು ಹಾಗಲ್ಲ. ಸ್ಪೆಲ್ಲಿಂಗ್ ತಪ್ಪು ಎಲ್ಲರಿಗೂ ಕಾಣುತ್ತದೆ. ಮಧ್ಯರಾತ್ರಿ ತಾರೀಖು ಬದಲಾಗುವಾಗ ಹಣ ಎರಡು ಸಲ ಕಡಿತವಾಗುವುದು ಯಾರಿಗೂ ಕಾಣುವುದಿಲ್ಲ. ಸುಲಭದವನ್ನೇ ಇಬ್ಬರೂ ಹೆಕ್ಕಿದರೆ ಎರಡು ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ ಆಗಿ, ಉಳಿದದ್ದು ಸ್ವಲ್ಪವೇ ಎಂದು ಲೆಕ್ಕ ಸುಳ್ಳು ಸಮಾಧಾನ ಹೇಳುತ್ತದೆ. ಹುಲಿ ವಿಜ್ಞಾನಿಗಳಿಗೆ ಈ ಕುಂದು ಚೆನ್ನಾಗಿ ಗೊತ್ತು, ಅದಕ್ಕೆ ಬೇರೆ ಸೂತ್ರಗಳನ್ನೇ ಮಾಡಿಕೊಂಡಿದ್ದಾರೆ. ನಾವು ಮಾತ್ರ ಸೂತ್ರ ತಂದು ಶರತ್ತನ್ನು ಅವರ ಮನೆಯಲ್ಲೇ ಬಿಟ್ಟು ಬರುತ್ತೇವೆ. ಪಕ್ಕದ ಮನೆಯಿಂದ ಹೆಪ್ಪು ತಂದರಾಯಿತೆ, ನಮ್ಮ ಹಾಲು ಹದವಾಗಿ ಬೆಚ್ಚಗಿರಬೇಡವೆ?

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರನಿಂದ ನಾನು ತಂದುಕೊಂಡದ್ದು ಇನ್ನೊಂದು ಬಗೆಯದು. ಬಟ್ಟಲಿಗೆ ಮೊದಲು ಹಾಲು ಹಾಕಿದ್ದರೋ ಚಹಾ ಹಾಕಿದ್ದರೋ ಕುಡಿದೇ ಹೇಳಬಲ್ಲೆ ಎಂದಳಂತೆ ಅಲ್ಲಿದ್ದ ಒಬ್ಬ ಮಹಿಳೆ. (ನಮ್ಮಲ್ಲಾದರೆ ಡಿಕಾಕ್ಷನ್ ಮೊದಲೋ ಹಾಲು ಮೊದಲೋ ಎಂದು ಒಂದು ಸಂಜೆ ಜಗಳವಾಡಿ ಎದ್ದುಬಿಡುತ್ತಿದ್ದೆವು.) 1935ರ ಪುಸ್ತಕದಲ್ಲಿ ಫಿಶರ್ ಇದಕ್ಕೆ ಪರೀಕ್ಷೆ ಕಟ್ಟಿದ. ಎಂಟು ಬಟ್ಟಲು, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ಮನೆ ಊಹಿಸಿ ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಅದೃಷ್ಟವಿರಲಿಕ್ಕಿಲ್ಲ ಎನ್ನಲು ಎಷ್ಟು ಸಲ ನೋಡಬೇಕು ಎಂಬುದನ್ನು ನೋಡುವ ಮೊದಲೇ ತೀರ್ಮಾನಿಸಬೇಕು ಎಂಬುದು ಅವನ ಹಟ.

ಈಗ ಡೆವಲಪರ್ ಬಂದು "ಸರ್, ಆ ಆಗಾಗ ಬರೋ ಬಗ್ ಸರಿ ಮಾಡಿದೀನಿ, ಐದು ಸಲ ಓಡಿಸಿ ನೋಡ್ದೆ, ಬರ್ಲಿಲ್ಲ" ಎನ್ನುತ್ತಾನೆ. ಆ ಬಗ್ ಹತ್ತು ಸಲಕ್ಕೆ ಒಂದು ಸಲ ಬರುವಂಥದು ಎನ್ನಿ. ಅವನು ಏನನ್ನೂ ಮುಟ್ಟದೆ ಕಾಫಿ ಕುಡಿದು ಬಂದಿದ್ದರೂ ಐದು ಸಲದಲ್ಲಿ ಅದು ತಲೆಹಾಕದಿರುವ ಸಾಧ್ಯತೆ ನೂರಕ್ಕೆ 59. ಆ ಸಾಧ್ಯತೆಯನ್ನು ನೂರಕ್ಕೆ ಐದಕ್ಕಿಂತ ಕೆಳಗಿಳಿಸಲು 29 ಸಲ ಓಡಿಸಬೇಕು. ಇದನ್ನು ತಿಳಿದ ಮೇಲೆ "ನಾನೂ ನೋಡಿದೆ, ಬರಲಿಲ್ಲ" ಎಂಬ ಮಾತು ನನ್ನ ಬಾಯಿಂದ ಹೊರಡುವುದು ಕಷ್ಟವಾಗಿದೆ. ಸ್ನೇಹಿತರು ಒಂದಿಬ್ಬರು ಕಡಿಮೆಯೂ ಆಗಿದ್ದಾರೆ.

ಫಿಶರನ ಹೊಲದಿಂದ ಹೊರಟ ಇನ್ನೊಂದು ಕವಲು ನಮ್ಮ ಹೂವಿನ ಹಡಗಲಿಯನ್ನು ಮುಟ್ಟಿ ಬರುತ್ತದೆ. 1920ರಲ್ಲಿ ಅಲ್ಲಿ ಹುಟ್ಟಿದ ಸಿ. ಆರ್. ರಾವ್ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ಕೂತು ಆರ್ಥಾಗನಲ್ ಅರೇ ಎಂಬ ಅಂಕಿಗಳ ಚೌಕಟ್ಟನ್ನು ಕಟ್ಟಿಕೊಟ್ಟರು. ಒಂದು ಆ್ಯಪಿನಲ್ಲಿ ಫೋನು, ಭಾಷೆ, ಹಣ ಕಟ್ಟುವ ವಿಧಾನ, ನೆಟ್‌ವರ್ಕ್ ಎಂದು ನಾಲ್ಕು ಸಂಗತಿ, ತಲಾ ಮೂರು ಬಗೆ ಇದ್ದರೆ ಒಟ್ಟು 81 ಜೋಡಣೆಗಳಾಗುತ್ತವೆ. ರಾಯರ ಚೌಕಟ್ಟಿನಲ್ಲಿ ಒಂಬತ್ತೇ ಸಾಲು. ಬೇರೆ ಬೇರೆ ಸಂಗತಿಗಳ ಯಾವ ಎರಡು ಬಗೆಗಳನ್ನು ಹೆಸರಿಸಿದರೂ ಅವು ಎಲ್ಲಾದರೂ ಒಂದು ಸಾಲಿನಲ್ಲಿ ಜೊತೆಯಾಗಿರುತ್ತವೆ. ಟೆಸ್ಟಿಂಗಿನವರು ಪೇರ್‌ವೈಸ್ ಎಂದು ದಿನಾ ಬಳಸುವ ಉಪಾಯದ ಬೇರು ಇಲ್ಲಿದೆ. ಬಳಸುವ ಹುಡುಗರಲ್ಲಿ ಬಳ್ಳಾರಿಯ ಕಡೆಯವರೂ ಇದ್ದಾರೆ, ಹಡಗಲಿಯ ಸುದ್ದಿ ಅವರಿಗೆ ಗೊತ್ತಿರುವುದಿಲ್ಲ. ಶರತ್ತು ಇಲ್ಲಿಯೂ ಉಂಟು: ಕನ್ನಡ ಭಾಷೆ, ಹಳೆಯ ಫೋನು, ಯುಪಿಐ ಮೂರೂ ಕೂಡಿದಾಗ ಮಾತ್ರ ಒತ್ತಕ್ಷರ ಗುಂಡಿಯಿಂದ ಹೊರಗೆ ಜೋಲುವ ಬಗ್ ಈ ಒಂಬತ್ತರಲ್ಲಿ ತಪ್ಪಿಸಿಕೊಳ್ಳಬಹುದು.

ವೈದ್ಯರ ವಿಷಯಕ್ಕೆ ಬಂದರೆ, 1854ರ ಲಂಡನ್ನಿನ ಕಾಲರಾ ಮತ್ತು ಒಂದು ಪಂಪಿನ ನೀರೇ ಅದಕ್ಕೆ ಕಾರಣವೆಂದು ತೋರಿಸಿದ ಜಾನ್ ಸ್ನೋನ ನಕ್ಷೆಯ ಕಥೆ ಬಹಳ ಜನರಿಗೆ ಗೊತ್ತು. ನನಗೆ ಪ್ರಿಯವಾದದ್ದು ನಕ್ಷೆಯಲ್ಲ, ಅದಕ್ಕೆ ಒಗ್ಗದೆ ಉಳಿದವರು. ಬ್ರಾಡ್ ಸ್ಟ್ರೀಟಿನ ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಆಳುಗಳು ಸಾಯಲಿಲ್ಲ, ಏಕೆ? ಅವರು ಆ ನೀರನ್ನೇ ಕುಡಿಯುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನ ಒಬ್ಬ ವಿಧವೆ ಏಕೆ ಸತ್ತಳು? ಆ ಪಂಪಿನ ನೀರಿನ ರುಚಿ ಹಿಡಿಸಿ ಅಲ್ಲಿಂದಲೇ ತರಿಸಿ ಕುಡಿಯುತ್ತಿದ್ದಳು. ಬಗ್ ಬಂದ ಕಡೆ ಎಲ್ಲರೂ ಮುಗಿಬೀಳುತ್ತಾರೆ. ಬರಬೇಕಾದಲ್ಲಿ ಬಾರದ, ಬರಬಾರದಲ್ಲಿ ಬಂದ ಒಂದೊಂದು ಪ್ರಕರಣವನ್ನು ಸ್ನೋ ಬೆನ್ನು ಹತ್ತಿ ಹೋದ ಹಾಗೆ ನಾವು ಹೋಗುವುದು ಅಪರೂಪ.

ಸದ್ಯಕ್ಕೆ ನನ್ನ ಕಣ್ಣು ಆಡಿಟರುಗಳ ಮೇಲಿದೆ. ಸಹಜವಾಗಿ ಬೆಳೆದ ಅನೇಕ ಲೆಕ್ಕಗಳಲ್ಲಿ 1ರಿಂದ ಶುರುವಾಗುವ ಅಂಕಿಗಳು ನೂರಕ್ಕೆ ಸುಮಾರು 30 ಇದ್ದರೆ, 9ರಿಂದ ಶುರುವಾಗುವವು ಐದೂ ಇರುವುದಿಲ್ಲ. ಬೆನ್‌ಫರ್ಡ್ ನಿಯಮ ಎನ್ನುತ್ತಾರೆ. ಕೂತು ಹೆಣೆದ ಸುಳ್ಳು ಲೆಕ್ಕ ಈ ಅಳತೆಗೆ ಒಗ್ಗದಿದ್ದರೆ ಆಡಿಟರ್ ಹುಬ್ಬೇರಿಸುತ್ತಾನೆ. ನಮ್ಮ ಟೆಸ್ಟ್ ಡೇಟಾವನ್ನು ಅವನಿಗೆ ತೋರಿಸಿದರೆ ಅಂದೇ ಕೇಸು ಹಾಕಿಯಾನು: ಎಲ್ಲರೂ ರಮೇಶ್ ಕುಮಾರ್, ಎಲ್ಲರಿಗೂ ವಯಸ್ಸು 25, ಎಲ್ಲರ ಪಿನ್‌ಕೋಡ್ 560001. ಆದರೆ ಅವನ ಮೂಗನ್ನು ಹಾಗೆಯೇ ತಂದು ಅಂಟಿಸಿಕೊಳ್ಳುವಂತಿಲ್ಲ. ಒಂದೇ ತಾರೀಖಿಗೆ ಹುಟ್ಟಿದವರ ಪಟ್ಟಿ ಕಂಡರೆ ಅವನು ಸುಳ್ಳು ಎನ್ನಬಹುದು. ನಮ್ಮಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಒಂದಿಡೀ ತಲೆಮಾರೇ ಇದೆ. ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಹಾರ ತುರಾಯಿಗಳ ಸಂತೆ ನೆರೆಯುವುದು ಅದಕ್ಕೇ. ಪಿಂಚಣಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವರು ಇಷ್ಟೊಂದು ಜನ ಒಂದೇ ಸಂಜೆ ನಿವೃತ್ತರಾದರೆ ಸರ್ವರ್ ತಡೆದೀತೇ ಎಂದು ನೋಡಿಟ್ಟುಕೊಳ್ಳುವುದು ಕ್ಷೇಮ.