ಗುರುತು ಸಿಕ್ಕಿತೇ?

ಅವರೆಕಾಯಿಯ ಕಾಲ. ರಾತ್ರಿಯೇ ನೆನೆಹಾಕಿದ್ದ ಕಾಳನ್ನು ಬೋಸಿಯಲ್ಲಿ ಇಟ್ಟುಕೊಂಡು ಅಮ್ಮ, ನಾನು, ಅಣ್ಣನ ಮಗಳು ಮೂವರೂ ನಡುಮನೆಯಲ್ಲಿ ಹಿಸುಕುತ್ತ ಕೂತಿದ್ದೆವು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆದರೂ ನಮ್ಮಿಬ್ಬರಿಗಿಂತ ಅವಳ ಬೆರಳೇ ಚುರುಕು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಬಂದದ್ದೇ ತಡ, ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಹುಳುಕು ಕಾಳು ಸಿಕ್ಕರೆ ಮುಟ್ಟಿದ ಕೂಡಲೇ ತಿಳಿದು ಆಚೆ ಹಾಕುತ್ತಿದ್ದಳು.

ಅಣ್ಣನ ಮಗಳದು ಈ ವರ್ಷ ಹತ್ತನೇ ಕ್ಲಾಸು. ಕೈ ಕಾಳಿನ ಮೇಲಿದ್ದರೂ ಮನಸ್ಸು ಪಕ್ಕದಲ್ಲಿ ಬೋರಲು ಹಾಕಿದ್ದ ಪುಸ್ತಕದ ಮೇಲೆ. ಇದ್ದಕ್ಕಿದ್ದ ಹಾಗೆ ಕೇಳಿದಳು: “ಅತ್ತೆ, ಅಷ್ಟು ವರ್ಷದ ಸ್ನೇಹ. ದಿನಾ ಜೊತೆಗೇ ಇರೋರು. ಎದುರಿಗೆ ಬಂದು ನಿಂತರೂ ಅವನಿಗೆ ಯಾಕತ್ತೆ ಗುರುತೇ ಸಿಗಲ್ಲ?”

ಅವಳು ಕೇಳಿದ್ದು ಅಮೆರಿಕದ ಲೇಖಕಿ ಮೆಗ್ ಕ್ಯಾಬಟ್ ಬರೆದ ಕಾದಂಬರಿಯ ಬಗ್ಗೆ. ‘ದಿ ಪ್ರಿನ್ಸೆಸ್ ಡೈರೀಸ್’ ಬರೆದು ಹೆಸರಾದವರು ಅವರು. ಅವರ ‘ಏರ್‌ಹೆಡ್’ 2008ರಲ್ಲಿ ಬಂತು. 2009ರಲ್ಲಿ ‘ಬೀಯಿಂಗ್ ನಿಕ್ಕಿ’, 2010ರಲ್ಲಿ ‘ರನ್‌ಅವೇ’ ಬಂದು ಕತೆ ಮುಗಿಯಿತು. ಹರೆಯದ ಹುಡುಗಿಯರಿಗೆಂದು ಬರೆದ ಪುಸ್ತಕಗಳು. ಮೂರನ್ನೂ ಅವಳಿಂದ ಇಸಕೊಂಡು ಒಂದು ವಾರದಲ್ಲಿ ಓದಿ ಮುಗಿಸಿದೆ. ಅವಳ ಪ್ರಶ್ನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಕತೆ ನ್ಯೂಯಾರ್ಕಿನದು. ಎಮರ್ಸನ್ ವಾಟ್ಸ್ ಎಂಬ ಹೈಸ್ಕೂಲು ಹುಡುಗಿ. ಮನೆಯಲ್ಲಿ ಎಮ್ ಎಂದು ಕರೆಯುತ್ತಾರೆ. ಬಟ್ಟೆಬರೆಯ ಗೊಡವೆ ಇಲ್ಲ, ಓದಿನಲ್ಲಿ ಜಾಣೆ, ಕಂಪ್ಯೂಟರ್ ಆಟದ ಹುಚ್ಚು. ಆಟಕ್ಕೆ ಜೊತೆಗಾರ ಗೆಳೆಯ ಕ್ರಿಸ್ಟೋಫರ್. ಅವನ ಮೇಲೆ ಇವಳಿಗೆ ಮನಸ್ಸು, ಆದರೆ ಹೇಳಿಕೊಂಡಿಲ್ಲ. ಒಂದು ದಿನ ತಂಗಿ ಫ್ರೀಡಾಳ ಕಾವಲಿಗೆಂದು ಸೋಹೋ ಪ್ರದೇಶದಲ್ಲಿ ಶುರುವಾಗುವ ದೊಡ್ಡ ಅಂಗಡಿಯೊಂದರ ಉದ್ಘಾಟನೆಗೆ ಹೋಗುತ್ತಾಳೆ. ಅಂಗಡಿ ಸ್ಟಾರ್ಕ್ ಎಂಬ ಕಂಪನಿಯದು. ಕಂಪನಿಯ ಜಾಹೀರಾತಿನ ಮುಖ ನಿಕ್ಕಿ ಹೋವರ್ಡ್, ಊರಿಗೆಲ್ಲ ಗೊತ್ತಿರುವ ಸೂಪರ್ ಮಾಡೆಲ್. ಅಲ್ಲಿ ಗಲಾಟೆಯಾಗಿ ಮೇಲೆ ತೂಗುಹಾಕಿದ್ದ ಟಿವಿ ಪರದೆ ಕಳಚಿ ಬೀಳುತ್ತದೆ. ತಂಗಿಯನ್ನು ಆಚೆ ತಳ್ಳಿದ ಎಮ್ ತಾನು ಅದರಡಿಗೆ ಸಿಕ್ಕಿಬಿಡುತ್ತಾಳೆ. ಅದೇ ಹೊತ್ತಿಗೆ ನಿಕ್ಕಿಯೂ ಕುಸಿದುಬೀಳುತ್ತಾಳೆ. ಎಮ್‌ಗೆ ಎಚ್ಚರವಾಗುವುದು ವಾರಗಳ ಮೇಲೆ, ಆಸ್ಪತ್ರೆಯಲ್ಲಿ. ಬುದ್ಧಿ, ನೆನಪು, ಪ್ರೀತಿ ಎಲ್ಲ ಅವಳದೇ. ಕನ್ನಡಿಯಲ್ಲಿ ಮಾತ್ರ ನಿಕ್ಕಿ. ಅವಳ ಮಿದುಳನ್ನು ನಿಕ್ಕಿಯ ದೇಹಕ್ಕೆ ಕೂರಿಸಿದ್ದಾರೆ.

ಹೀಗಾಗುವುದುಂಟೇ ಎಂದು ಕೇಳಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಪರಕಾಯ ಪ್ರವೇಶ ಕೇಳಿ ಬೆಳೆದ ನಮಗೆ ಅದನ್ನು ಒಪ್ಪಿಕೊಳ್ಳುವುದೇನೂ ಕಷ್ಟವಲ್ಲ. ಶಂಕರಾಚಾರ್ಯರು ಸತ್ತ ಅಮರುಕ ರಾಜನ ದೇಹವನ್ನು ಹೊಕ್ಕ ಕತೆಯನ್ನು ಅಮ್ಮನೇ ನಮಗೆ ಹೇಳುತ್ತಿದ್ದಳು. ಅದರಲ್ಲಿ ನನಗೆ ಅಂದೂ ಇಂದೂ ಪ್ರಿಯವಾದ ಜಾಗ ಒಂದಿದೆ. ಎದ್ದು ಕೂತ ರಾಜನನ್ನು ಕಂಡು ಊರೆಲ್ಲ ಹಿಗ್ಗುತ್ತದೆ. ಆದರೆ ನಾಲ್ಕು ದಿನದ ರಾಜ್ಯಭಾರ ನೋಡಿದ ಮಂತ್ರಿಗಳಿಗೆ ಅನುಮಾನ ಬರುತ್ತದೆ. ಮುಖ ಅದೇ, ದನಿ ಅದೇ, ಆದರೆ ಇವನು ನಮ್ಮ ಅರಸನಲ್ಲ. ಮುಖ ನೋಡಿ ಮೋಸಹೋದವರು ನಡತೆ ನೋಡಿ ಎಚ್ಚೆತ್ತರು.

ಗಿರೀಶ ಕಾರ್ನಾಡರ ‘ಹಯವದನ’ ಇದೇ ಪ್ರಶ್ನೆಯನ್ನು ರಂಗಕ್ಕೆ ತಂದಿತು. 1971ರ ನಾಟಕ ಅದು. ಬೇತಾಳ ಕತೆ, ಅದನ್ನೇ ಆಧರಿಸಿ ಜರ್ಮನಿಯ ಥಾಮಸ್ ಮನ್ 1940ರಲ್ಲಿ ಪ್ರಕಟಿಸಿದ ನೀಳ್ಗತೆ, ಎರಡೂ ಅದರ ಹಿಂದಿವೆ. ದೇವದತ್ತ, ಕಪಿಲರ ತಲೆಗಳು ಅದಲುಬದಲಾದಾಗ ಪದ್ಮಿನಿ ಯಾರ ಹೆಂಡತಿ? ದೇಹಕ್ಕೆ ತಲೆಯೇ ದೊಡ್ಡದು, ತಲೆ ಯಾರದೋ ಅವನೇ ಗಂಡ ಎಂಬ ತೀರ್ಪು ಬರುತ್ತದೆ. ಆದರೆ ದೇಹ ಸುಮ್ಮನಿರುವುದಿಲ್ಲ. ಅದಕ್ಕೂ ಅದರದೇ ನೆನಪು. ಆ ನೆನಪಿನ ಕಾಟವೇ ನಾಟಕದ ನೋವು. ಕ್ಯಾಬಟ್ ಕತೆಯಲ್ಲೂ ನಿಕ್ಕಿಯ ದೇಹ ತನ್ನ ಅಭ್ಯಾಸಗಳನ್ನು ಬಿಟ್ಟುಕೊಡುವುದಿಲ್ಲ. ಯಾರೋ ಹುಡುಗ ಮುತ್ತಿಟ್ಟರೆ ಎಮ್ ಬೇಡವೆಂದುಕೊಳ್ಳುವ ಮೊದಲೇ ನಿಕ್ಕಿಯ ದೇಹ ಕರಗಿಬಿಡುತ್ತದೆ. ಹದಿಹರೆಯದವರಿಗೆ ಬರೆದ ಸಲೀಸು ಪುಸ್ತಕದಲ್ಲಿ ಈ ಸಾಲು ಕಂಡು ನಾನು ಒಂದು ನಿಮಿಷ ಪುಟ ಮಗುಚಲಿಲ್ಲ. ಹದಿನೈದು ಹದಿನಾರರ ಹುಡುಗಿಗೆ ತನ್ನ ಮೈ ತನಗೆ ಹೇಳದೆ ಏನೇನೋ ಆಗುತ್ತಿದೆ ಎನ್ನಿಸುವುದು ಇದೇ ಅಲ್ಲವೇ? ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಒಂದು ಬೇಸಿಗೆ ರಜೆ ಸಾಕು.

‘ಹಯವದನ’ದಲ್ಲಿ ತೀರ್ಪು ಕೊಡುವವನು ಋಷಿ. ನ್ಯೂಯಾರ್ಕಿನ ಕತೆಯಲ್ಲಿ ತೀರ್ಪು ಕೊಡುವುದು ಕಂಪನಿಯ ಕರಾರು ಪತ್ರ. ಇಲ್ಲಿ ತೀರ್ಪು ತಿರುಗುಮುರುಗಾಗಿದೆ. ಮಿದುಳು ಯಾರದಾದರೂ ಇರಲಿ, ಮುಖ ಯಾರದೋ ಅವಳೇ ನಿಕ್ಕಿ. ಅಪ್ಪ ಅಮ್ಮ ಮಗಳ ಜೀವ ಉಳಿದರೆ ಸಾಕೆಂದು ಸಹಿ ಹಾಕಿದ್ದಾರೆ. ಗುಟ್ಟು ಬಿಟ್ಟುಕೊಡುವಂತಿಲ್ಲ. ಎಮರ್ಸನ್ ವಾಟ್ಸ್ ಸತ್ತಳೆಂದು ಲೋಕಕ್ಕೆ ಸಾರಿಯಾಗಿದೆ. ಬದುಕಿರುವ ಹುಡುಗಿ ನಿಕ್ಕಿಯ ಹೆಸರಿನಲ್ಲಿ, ನಿಕ್ಕಿಯ ಮನೆಯಲ್ಲಿದ್ದುಕೊಂಡು ನಿಕ್ಕಿ ಒಪ್ಪಿಕೊಂಡ ಕೆಲಸವನ್ನೆಲ್ಲ ಮಾಡಬೇಕು. ಗೊತ್ತಿರುವ ತಂಗಿಯೂ ಎಲ್ಲರೆದುರು ಅಕ್ಕಾ ಎನ್ನುವಂತಿಲ್ಲ. ಮೂರನೆಯ ಪುಸ್ತಕದ ಹೊತ್ತಿಗೆ ಇದರ ಹಿಂದಿನ ವ್ಯಾಪಾರ ಬಯಲಾಗುತ್ತದೆ. ಎಳೆಯರ ಗಟ್ಟಿ ಮೈಯನ್ನು ದುಡ್ಡಿದ್ದ ಮುದುಕರಿಗೆ ಮಾರುವ ಹುನ್ನಾರ ಅದು. ನಮ್ಮ ಯಯಾತಿ ಮಗನ ಯೌವನವನ್ನು ಬೇಡಿ ಪಡೆದ. ಇಲ್ಲಿ ಬೇಡುವುದೂ ಇಲ್ಲ, ಬೆಲೆ ಕಟ್ಟುತ್ತಾರೆ.

ಮಾಡೆಲಿಂಗ್ ಬಗ್ಗೆ ಈ ಪುಸ್ತಕ ನನ್ನ ಒಂದು ತಪ್ಪನ್ನು ತಿದ್ದಿತು. ‘ಏರ್‌ಹೆಡ್’ ಎಂದರೆ ತಲೆಯಲ್ಲಿ ಬರೀ ಗಾಳಿ ತುಂಬಿದವಳು. ಎಮ್‌ಗೂ ಮಾಡೆಲ್‌ಗಳೆಂದರೆ ಹಾಗೇ ಅನ್ನಿಸುತ್ತಿತ್ತು, ನನಗೂ ಅನ್ನಿಸುತ್ತಿತ್ತು. ನಿಕ್ಕಿಯ ಮೈಯಲ್ಲಿ ನಿಂತಾಗ ಅವಳಿಗೆ ಆ ದುಡಿಮೆ ಅರ್ಥವಾಗುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದು, ತಲೆ ಮೈ ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟು ಗೊಂಬೆಯಂತೆ ಕೂರುವುದು, ಯಾರೋ ಹೇಳಿದ ಕ್ಷಣಕ್ಕೆ ನಗುವುದು. ತಾನು ತಾತ್ಸಾರ ಮಾಡಿದವಳ ಪಾದದಲ್ಲಿ ಇಷ್ಟು ನೋವಿತ್ತೆಂದು ಅವಳಿಗೆ ಮೊದಲ ಸಲ ಗೊತ್ತಾಗುತ್ತದೆ.

ಅದು ಕಾದಂಬರಿಯಲ್ಲಷ್ಟೇ ಇರುವ ನೋವಲ್ಲ. ಮಾಡೆಲ್ ಆಗಿಯೇ ದುಡಿದಿದ್ದ ಸಾರಾ ಜಿಫ್ 2012ರಲ್ಲಿ ನ್ಯೂಯಾರ್ಕಿನಲ್ಲಿ ‘ಮಾಡೆಲ್ ಅಲಯನ್ಸ್’ ಕಟ್ಟಿದರು. ಮರುವರ್ಷವೇ ಹದಿನೆಂಟು ತುಂಬದ ಮಾಡೆಲ್‌ಗಳಿಗೂ ಬಾಲಕಲಾವಿದರಿಗಿರುವ ರಕ್ಷಣೆ ಸಿಗಬೇಕೆಂದು ಆ ರಾಜ್ಯದಲ್ಲಿ ಕಾನೂನು ಬಂತು. 2017ರಿಂದ ಫ್ರಾನ್ಸಿನಲ್ಲಿ ಮಾಡೆಲ್‌ಗಳಿಗೆ ವೈದ್ಯರ ಸರ್ಟಿಫಿಕೇಟು ಬೇಕು, ಮೈಯ ಅಳತೆಯನ್ನು ತಿದ್ದಿದ ಜಾಹೀರಾತಿನ ಚಿತ್ರವಾದರೆ ತಿದ್ದಿದ್ದೆಂದು ಅದರ ಮೇಲೆಯೇ ಬರೆಯಬೇಕು. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಜ್ಯಪಾಲೆ ಸಹಿ ಹಾಕಿದ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಮಾಡೆಲ್ ಒಬ್ಬಳ ಕಂಪ್ಯೂಟರ್ ಪ್ರತಿರೂಪವನ್ನು ಬಳಸಬೇಕಾದರೆ ಅದಕ್ಕೇ ಬೇರೆಯಾಗಿ ಅವಳ ಲಿಖಿತ ಒಪ್ಪಿಗೆ ಬೇಕು. ಅವಳು ಮನೆಯಲ್ಲಿ ಮಲಗಿರುವಾಗ ಅವಳ ಮುಖವೊಂದೇ ಎಲ್ಲೋ ದುಡಿಯುವ ಕಾಲ ಬಂದಿರುವುದರಿಂದ ಈ ಕಾಯ್ದೆ ಬೇಕಾಯಿತು. 2008ರಲ್ಲಿ ಕಟ್ಟುಕತೆ ಎನಿಸಿದ್ದು ಇಂದು ಕಾನೂನಿನ ಕಲಮಾಗಿದೆ.

ಇನ್ನು ಕ್ರಿಸ್ಟೋಫರ್. ಎಮ್ ಅದೇ ಶಾಲೆಗೆ ನಿಕ್ಕಿಯಾಗಿ ಬರುತ್ತಾಳೆ. ಅವನು ಸತ್ತ ಗೆಳತಿಯ ದುಃಖದಲ್ಲಿ ಒಳಗೊಳಗೇ ಬೇಯುತ್ತಿದ್ದಾನೆ, ಸ್ಟಾರ್ಕ್ ಕಂಪನಿಯ ಮೇಲೆ ಹಲ್ಲು ಮಸೆಯುತ್ತಿದ್ದಾನೆ. ಅವನು ಅಳುತ್ತಿರುವುದು ಯಾರಿಗಾಗಿಯೋ ಅವಳೇ ಎದುರಿಗಿದ್ದಾಳೆ. ಅವಳಿಗೆ ಬಾಯಿ ಬಿಡುವ ಹಾಗಿಲ್ಲ, ಅವನಿಗೆ ಲೋಕ ಮೆಚ್ಚಿದ ಆ ಮುಖದಾಚೆ ಏನೂ ಕಾಣುವುದಿಲ್ಲ. ಇದ್ದಾಗ ಅವಳ ಮನಸ್ಸು ತಿಳಿಯದವನು, ಹೋದ ಮೇಲೆ ಅವಳು ತನಗೆ ಏನಾಗಿದ್ದಳೆಂದು ಅರಿತ. ಇಡೀ ಸರಣಿಯಲ್ಲಿ ನನಗೆ ನಿಜವಾದ ಪ್ರೇಮಕತೆ ಎನಿಸಿದ್ದು ಇದು. ಸುಂದರ ಮುಖ ಸಿಕ್ಕರೆ ಬೇಕಾದವನು ಸಿಗುತ್ತಾನೆ ಎಂದು ಸಾವಿರ ಜಾಹೀರಾತು ಹೇಳುತ್ತವೆ. ಈ ಹುಡುಗಿಗೆ ಲೋಕದ ಅತಿ ಸುಂದರ ಮುಖವೇ ಸಿಕ್ಕಿತು, ಅದೇ ಅವಳಿಗೂ ಬೇಕಾದವನಿಗೂ ನಡುವೆ ಗೋಡೆಯಾಯಿತು.

ಅಣ್ಣನ ಮಗಳು ಆ ಪ್ರಶ್ನೆ ಯಾಕೆ ಕೇಳಿದಳೆಂದು ನನಗೆ ತಡವಾಗಿ ಹೊಳೆಯಿತು. ಹಿಂದಿನ ತಿಂಗಳು ಮದುವೆಯೊಂದರಲ್ಲಿ ಅವಳು ಮೊದಲ ಬಾರಿಗೆ ಸೀರೆ ಉಟ್ಟಿದ್ದಳು. ಬಂದವರೆಲ್ಲ ಅವಳ ಗಲ್ಲ ಹಿಡಿದು ಹೇಳಿದ್ದು ಒಂದೇ ಮಾತು: “ಅಯ್ಯೋ, ಗುರುತೇ ಸಿಗಲಿಲ್ಲ ಕಣೇ!” ಮೆಚ್ಚಿಕೊಂಡೇ ಅಂದದ್ದು. ಆದರೆ ಬರುವಾಗ ಕಾರಿನಲ್ಲಿ ಅವಳು ಕಿಟಕಿಗೆ ಹಣೆಯಿಟ್ಟು ಮಾತಿಲ್ಲದೆ ಕೂತಿದ್ದಳು. ವರ್ಷದಲ್ಲಿ ನಾಲ್ಕು ಬೆರಳು ಎತ್ತರ ಬೆಳೆದಿದ್ದಾಳೆ, ಮುಖದ ಮಾಟ ಬದಲಾಗಿದೆ. ಗುರುತು ಸಿಗಲಿಲ್ಲ ಎಂಬ ಮಾತನ್ನು ಹತ್ತು ಬಾಯಲ್ಲಿ ಕೇಳಿದ ಮಗುವಿಗೆ, ಹಾಗಾದರೆ ನಾನು ಎಲ್ಲಿ ಹೋದೆ ಎನಿಸದೇ ಇದ್ದೀತೇ? ಅವಳು ಕೇಳಿದ್ದು ಕ್ರಿಸ್ಟೋಫರನ ವಿಚಾರವಾಗಿಯಷ್ಟೇ ಅಲ್ಲ.

ನಾನು ಉತ್ತರ ಹುಡುಕುತ್ತಿದ್ದ ಆ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಎದ್ದು ಒಲೆ ಆರಿಸಲು ಹೋದಳು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಪಾತ್ರೆ ಹಿಂದಿರುಗಿಸಲು ಬಂದವಳು ನಮ್ಮ ಜೊತೆ ಕೂತು ತಾನೂ ಒಂದು ಹಿಡಿ ಕಾಳು ಎತ್ತಿಕೊಂಡಳು. ಇವಳದೇ ವಯಸ್ಸು, ಇವಳದೇ ಎತ್ತರ, ಇಬ್ಬರದೂ ಒಂದೇ ಬಣ್ಣದ ಶಾಲೆಯ ಸ್ವೆಟರ್. ಅಮ್ಮನ ಕಣ್ಣಿಗೆ ಇಬ್ಬರೂ ಒಂದೊಂದು ನೀಲಿ ಮಸುಕು ಅಷ್ಟೆ. ಅಣ್ಣನ ಮಗಳು ಹಿಂದಿರುಗಿ ಸದ್ದಿಲ್ಲದೆ ಇನ್ನೊಂದು ಪಕ್ಕಕ್ಕೆ ಕೂತಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಕಾಳು ಹಿಸುಕುವ ಸದ್ದು ಮಾತ್ರ.

ಒಂದು ಬೇಳೆ ಹಾರಿ ಅಮ್ಮನ ಮಡಿಲಿಗೆ ಬಿತ್ತು. ಅಮ್ಮ ಅದನ್ನು ಹೆಕ್ಕಿ ಪಾತ್ರೆಗೆ ಹಾಕುತ್ತ, ತಲೆ ಎತ್ತದೆ, ಸರಿಯಾಗಿ ಮೊಮ್ಮಗಳ ಕಡೆಗೇ ಕೈಚಾಚಿ ಅವಳ ಮೊಣಕಾಲು ತಟ್ಟಿದಳು: “ಮೆತ್ತಗೆ ಹಿಸುಕು ಪುಟ್ಟಿ. ಮೂರು ವರ್ಷದವಳಿದ್ದಾಗಲೂ ಹೀಗೇ ಹಾರಿಸ್ತಿದ್ದೆ.”

ಹುಡುಗಿ ಕೈಯಲ್ಲಿದ್ದ ಕಾಳನ್ನು ಹಾಗೇ ಹಿಡಿದುಕೊಂಡು ಅಜ್ಜಿಯನ್ನು ನೋಡಿದಳು. ಆಮೇಲೆ ಒಂದಿಷ್ಟು ಜರುಗಿ ಅವಳ ಭುಜಕ್ಕೆ ಒರಗಿ ಕೂತಳು. ಪುಸ್ತಕ ಬೋರಲಾಗಿಯೇ ಇತ್ತು.